ಡೆಂಗಿ: ಜ್ವರ ಇಳಿದ ಮೇಲೂ ಮನೆಗೆ ಕಳಿಸುತ್ತಿಲ್ಲವೇಕೆ?

ನೀಲಿಕುರ್ಚಿ | ಮಂಗಳವಾರ, ಸಂಜೆ 6.40

ತಮ್ಮನಿಗೆ 27 ವರ್ಷ. ಶುಕ್ರವಾರ ರಾತ್ರಿ ಜ್ವರ ಹಿಡಿಯಿತು, ಭಾನುವಾರ ಡೆಂಗಿ ಎಂದು ಗೊತ್ತಾಗಿ ಆಸ್ಪತ್ರೆಗೆ ಸೇರಿಸಿದೆವು. ಇಂದು ಬೆಳಿಗ್ಗೆ ಜ್ವರ ಬಿಟ್ಟಿದೆ. ಕಣ್ಣಿನ ಹಿಂದಿನ ನೋವು ಕಡಿಮೆಯಾಗಿದೆ ಎಂದು ಅವನೇ ಹೇಳಿದ. ಇನ್ನು ಮನೆಗೆ ಹೋಗಬಹುದು ಎಂದು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದೆ. ಅಷ್ಟರಲ್ಲಿ ವೈದ್ಯರು ಬಂದು, ಇನ್ನು ಗಂಟೆಗೊಮ್ಮೆ ಬಿಪಿ ನೋಡಿ ಎಂದು ಬರೆದು ಹೋದರು. ಜ್ವರ 103 ಇದ್ದಾಗ ನಾಲ್ಕು ಗಂಟೆಗೊಮ್ಮೆ ಬರುತ್ತಿದ್ದ ಸಿಸ್ಟರ್, ಜ್ವರವೇ ಇಲ್ಲದಿರುವಾಗ ಗಂಟೆಗೊಮ್ಮೆ ಬರುತ್ತಿದ್ದಾರೆ. ಇದು ನನಗೆ ಬುಡಮೇಲಾಗಿ ಕಾಣುತ್ತಿದೆ.

ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ನಿನ್ನೆ 88 ಸಾವಿರ ಇತ್ತು, ಇಂದು 46 ಸಾವಿರ. ರಕ್ತ ಕೊಡಲು ಅವನ ಸ್ನೇಹಿತರು ಕೆಳಗೆ ಕಾಯುತ್ತಿದ್ದಾರೆ. ವೈದ್ಯರು ಬೇಡವೇ ಬೇಡ ಎನ್ನುತ್ತಾರೆ.

ಕುರ್ಚಿಯಲ್ಲಿ ಕುಳಿತು ಮೊಬೈಲ್‌ನಲ್ಲಿ ಓದುತ್ತಾ ಹೋದೆ. ಓದಬಾರದಿತ್ತು. ತೀವ್ರ ಡೆಂಗಿಯಲ್ಲಿ ನೂರಕ್ಕೆ 20 ಮಂದಿಯವರೆಗೂ ಸಾಯುತ್ತಾರೆ ಎಂದು ಒಂದು ಕಡೆ ಇದೆ. ನೂರಕ್ಕೆ ಒಬ್ಬರಿಗಿಂತ ಕಡಿಮೆ ಎಂದು ಇನ್ನೊಂದು ಕಡೆ ಇದೆ. ಒಂದೇ ರೋಗ, ಒಂದೇ ಹೆಸರು. ಯಾವುದನ್ನು ನಂಬಬೇಕು? ಬಲ್ಲವರು ಯಾರಾದರೂ ಇದ್ದರೆ ಹೇಳಿ.

ಎರಡನೇಪಾಳಿ | ಸಂಜೆ 6.52

ಸಾವಿನ ಲೆಕ್ಕ ಆಮೇಲೆ ನೋಡೋಣ. ಮೊದಲು ಇದಕ್ಕೆ ಉತ್ತರ ಕೊಡಿ. ಹೊಟ್ಟೆ ನೋವು ಇದೆಯೇ? ಮಧ್ಯಾಹ್ನದಿಂದ ಎಷ್ಟು ಸಲ ವಾಂತಿಯಾಗಿದೆ? ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ? ಪಾದ ಮುಟ್ಟಿ ನೋಡಿ, ಬೆಚ್ಚಗಿದೆಯೇ ತಣ್ಣಗಿದೆಯೇ? ಬಿಪಿ ಎಷ್ಟು? ಎರಡೂ ಅಂಕಿ ಬೇಕು, ಮೇಲಿನದು ಮಾತ್ರ ಸಾಲದು.

ನಾನು ಜ್ವರದ ವಾರ್ಡಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ ಸ್ಟಾಫ್ ನರ್ಸ್. ಜ್ವರ ಬಿಟ್ಟ ದಿನವೇ ನಾವು ಹೆಚ್ಚು ಸಲ ಬರುವುದು. ಅದರಲ್ಲಿ ಬುಡಮೇಲು ಏನೂ ಇಲ್ಲ.

ಹಳೆಯರೋಗಿ | ಸಂಜೆ 7.05

ನನಗೆ ಎರಡು ವರ್ಷದ ಹಿಂದೆ ಡೆಂಗಿ ಬಂದು ಪ್ಲೇಟ್‌ಲೆಟ್ 18 ಸಾವಿರಕ್ಕೆ ಇಳಿದಿತ್ತು. ನಾಲ್ಕು ಚೀಲ ಪ್ಲೇಟ್‌ಲೆಟ್ ಏರಿಸಿದರು, ಬದುಕಿದೆ. ವೈದ್ಯರು ಬೇಡವೆಂದರೆ ಸುಮ್ಮನಿರಬೇಡಿ. ಸ್ನೇಹಿತರು ಬಂದಿದ್ದಾರಲ್ಲ, ಕೊಡಿಸಿ. ಇನ್ನೂ ಇಳಿಯಲಿ ಎಂದು ಕಾಯುವುದು ಯಾವ ಜಾಣತನ?

ನೀಲಿಕುರ್ಚಿ | ಸಂಜೆ 7.11

ಹೊಟ್ಟೆಯ ಬಲಭಾಗ, ಪಕ್ಕೆಲುಬಿನ ಕೆಳಗೆ ಒತ್ತಿದರೆ ನೋವು ಎನ್ನುತ್ತಾನೆ. ವಾಂತಿ ಮಧ್ಯಾಹ್ನದಿಂದ ಮೂರು ಸಲ. ಮೂತ್ರ ಮಧ್ಯಾಹ್ನ ಒಂದು ಗಂಟೆಗೆ ಒಮ್ಮೆ, ಸ್ವಲ್ಪವೇ. ಪಾದ ತಣ್ಣಗಿದೆ. ಎಸಿಯಿಂದ ಇರಬಹುದು ಎಂದುಕೊಂಡಿದ್ದೆ. ಬಿಪಿ 104/82 ಎಂದು ಹಾಳೆಯಲ್ಲಿ ಬರೆದಿದ್ದಾರೆ.

ಎರಡನೇಪಾಳಿ | ಸಂಜೆ 7.12

ಮೊಬೈಲ್ ಕೆಳಗಿಡಿ. ಈಗಲೇ ಎದ್ದು ಹೋಗಿ ಸಿಸ್ಟರ್‌ಗೆ ಈ ನಾಲ್ಕನ್ನೂ ಹೇಳಿ. ಮಧ್ಯಾಹ್ನ ಒಂದು ಗಂಟೆಯ ನಂತರ ಮೂತ್ರವಿಲ್ಲ ಎಂಬುದನ್ನು ಮೊದಲು ಹೇಳಿ.

ಹಗಲಿರುಳು | ಸಂಜೆ 7.30

ಎರಡನೇಪಾಳಿಯವರು ಹೇಳಿದ್ದು ಸರಿ. ನೀಲಿಕುರ್ಚಿಯವರು ಮರಳಿ ಬಂದಾಗ ಓದಲಿ ಎಂದು ಬರೆಯುತ್ತಿದ್ದೇನೆ. ನಾನು ವೈದ್ಯ. ಆದರೆ ಅವರ ತಮ್ಮನ ವೈದ್ಯ ನಾನಲ್ಲ. ಹಾಸಿಗೆಯ ಪಕ್ಕ ನಿಂತವರ ಮಾತೇ ಕೊನೆಯ ಮಾತು. ವಾರ್ಡ್ ತುಂಬಿದಾಗ ವಿವರಿಸಲು ನಮಗೆ ಪುರುಸೊತ್ತು ಸಿಗುವುದಿಲ್ಲ. ಆ ಕೊರತೆಯನ್ನಷ್ಟೇ ಇಲ್ಲಿ ತುಂಬುತ್ತೇನೆ.

ಡೆಂಗಿ ಒಂದರೊಳಗೆ ಮೂರು ಕಾಯಿಲೆ ಇದ್ದಂತೆ. ಮೊದಲು ಎರಡರಿಂದ ಏಳು ದಿನ ಜ್ವರ, ತಲೆನೋವು, ಮೂಳೆ ಮುರಿದಂಥ ಮೈಕೈ ನೋವು. ಬಹುತೇಕರಿಗೆ ಕಥೆ ಅಲ್ಲಿಗೇ ಮುಗಿಯುತ್ತದೆ. ಕೆಲವರಿಗೆ ಜ್ವರ ಇಳಿಯುವ ಹೊತ್ತಿಗೆ, ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ, ಎರಡನೆಯದು ಶುರುವಾಗುತ್ತದೆ. ಆ ಹೊತ್ತಿಗೆ ರಕ್ತದಲ್ಲಿ ವೈರಸ್ ಕಡಿಮೆಯಾಗುತ್ತಾ ಬಂದಿರುತ್ತದೆ. ಕೆಡುಕು ಮಾಡುವುದು ಹೆಚ್ಚಾಗಿ ವೈರಸ್ಸಿಗೆ ದೇಹ ಕೊಟ್ಟ ಉತ್ತರವೇ. ಸೂಕ್ಷ್ಮ ರಕ್ತನಾಳಗಳ ಗೋಡೆ ಸಡಿಲವಾಗಿ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಹೊರಗೆ ಜಿನುಗುತ್ತದೆ. ಶ್ವಾಸಕೋಶದ ಸುತ್ತ, ಹೊಟ್ಟೆಯೊಳಗೆ ನೀರಾಗಿ ನಿಲ್ಲುತ್ತದೆ. ಕೆಂಪು ರಕ್ತಕಣಗಳು ಮಾತ್ರ ನಾಳದೊಳಗೇ ಉಳಿಯುತ್ತವೆ. ಕೆರೆ ಬತ್ತಿದಂತೆ ಕೆಸರು ಗಟ್ಟಿಯಾಗುತ್ತದಲ್ಲ, ಹಾಗೆ ಉಳಿದ ರಕ್ತ ಮಂದವಾಗುತ್ತದೆ. ಈ ಮಂದತೆಯನ್ನು ಅಳೆಯುವ ಅಂಕಿಯೇ ಹೆಮಟೋಕ್ರಿಟ್. ನಿಮ್ಮ ಲ್ಯಾಬ್ ಹಾಳೆಯಲ್ಲಿ ಪಿಸಿವಿ ಎಂದಿರಬಹುದು. ಮೊದಲಿದ್ದ ಮಟ್ಟಕ್ಕಿಂತ ಶೇ 20ರಷ್ಟು ಏರಿದರೆ ಪ್ಲಾಸ್ಮಾ ಸೋರುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಬಿಪಿಯ ವಿಷಯ. ಅನುಭವವಿಲ್ಲದ ಕಿರಿಯ ವೈದ್ಯರೂ ಇಲ್ಲಿ ಮೋಸ ಹೋಗುತ್ತಾರೆ. ನಾನೂ ಹೋಗಿದ್ದೇನೆ. 120/80 ಇದ್ದವನಿಗೆ 100/84 ಬಂದರೆ, ಮೇಲಿನದು ನೂರಿದೆ ಎಂದು ಸಮಾಧಾನ ಪಡುತ್ತೇವೆ. ಆದರೆ ಎರಡರ ನಡುವಿನ ಅಂತರ 40ರಿಂದ 16ಕ್ಕೆ ಕುಸಿದಿದೆ. ನಾಳದೊಳಗೆ ರಕ್ತ ಸಾಲದಾದಾಗ ದೇಹ ಕೈಕಾಲಿನ ನಾಳಗಳನ್ನು ಹಿಂಡಿ ಹಿಡಿದು ಹೃದಯಕ್ಕೂ ಮೆದುಳಿಗೂ ರಕ್ತ ಉಳಿಸುತ್ತದೆ. ಹಿಂಡಿದ್ದರಿಂದ ಕೆಳಗಿನ ಅಂಕಿ ಏರುತ್ತದೆ, ಪಾದ ತಣ್ಣಗಾಗುತ್ತದೆ, ಮೂತ್ರ ನಿಲ್ಲುತ್ತದೆ. ಅಂತರ 20 ಅಥವಾ ಅದಕ್ಕಿಂತ ಕಡಿಮೆಯಾದರೆ ಅದನ್ನು ಶಾಕ್, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿ, ಎಂದೇ ಎಣಿಸಬೇಕು. ಆ ಹೊತ್ತಿನಲ್ಲೂ ರೋಗಿ ಎದ್ದು ಕುಳಿತು ಮಾತನಾಡುತ್ತಿರುತ್ತಾನೆ, ಕ್ರಿಕೆಟ್ ಸ್ಕೋರು ಕೇಳುತ್ತಾನೆ. ಮೇಲಿನ ಅಂಕಿಯೂ ಬೀಳುವವರೆಗೆ ಕಾದರೆ ತಡವಾಗಿರುತ್ತದೆ.

104/82 ಎಂದರೆ ಅಂತರ 22. ಗಂಟೆಗೊಮ್ಮೆ ನೋಡಿ ಎಂದು ಬರೆದ ವೈದ್ಯರಿಗೆ ಇದು ಗೊತ್ತಿದೆ.

ನೀಲಿಕುರ್ಚಿ | ರಾತ್ರಿ 9.20

ವೈದ್ಯರು ಐದು ನಿಮಿಷದಲ್ಲಿ ಬಂದರು. ಹೆಮಟೋಕ್ರಿಟ್ ಭಾನುವಾರ 42 ಇದ್ದದ್ದು ಈಗ 49. ಡ್ರಿಪ್ ವೇಗ ಹೆಚ್ಚಿಸಿದ್ದಾರೆ. ತೀವ್ರ ನಿಗಾ ಘಟಕದ ಪಕ್ಕದ ಕೊಠಡಿಗೆ ಬದಲಾಯಿಸಿದರು. ಮೂತ್ರ ಅಳೆಯಲು ಗೆರೆ ಹಾಕಿದ ಪ್ಲಾಸ್ಟಿಕ್ ಜಾಡಿ ಕೊಟ್ಟಿದ್ದಾರೆ. 8.45ಕ್ಕೆ 60 ಮಿಲಿ ಬಂತು. ಅರವತ್ತು ಮಿಲಿ ಮೂತ್ರ ಕಂಡು ಕಣ್ಣಲ್ಲಿ ನೀರು ಬರುತ್ತದೆ ಎಂದು ನಾನು ಎಂದೂ ಎಣಿಸಿರಲಿಲ್ಲ.

ಕುರ್ಚಿ ಈ ಕೊಠಡಿಯಲ್ಲೂ ನೀಲಿಯೇ. ಇರುಳಿಡೀ ಎಚ್ಚರವಿರಬೇಕು, ಬರೆಯುತ್ತಿರಿ.

ಅಂಕಿಗಾರ | ರಾತ್ರಿ 9.48

ಮೂತ್ರ ಬಂತೆಂದು ಓದಿ ನನಗೂ ಜೀವ ಬಂತು. ಇನ್ನು ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ನಾನು ವೈದ್ಯನಲ್ಲ, ಸಂಖ್ಯಾಶಾಸ್ತ್ರದವನು. ಆಸ್ಪತ್ರೆಯ ದಾಖಲೆಗಳನ್ನು ಕೋಷ್ಟಕವಾಗಿಸುವುದು ನನ್ನ ಹೊಟ್ಟೆಪಾಡು.

ನೀವು ಓದಿದ ಎರಡು ಅಂಕಿಗಳೂ ಸುಳ್ಳಲ್ಲ. ಶೇ 20ರವರೆಗೆ ಎಂಬುದು ತೀವ್ರ ಡೆಂಗಿಯಾಗಿ ಸರಿಯಾದ ಚಿಕಿತ್ಸೆ ಸಿಗದಿದ್ದವರ ಲೆಕ್ಕ. ಶೇ 1ಕ್ಕಿಂತ ಕಡಿಮೆ ಎಂಬುದು ಹೊತ್ತಿಗೆ ಸರಿಯಾಗಿ ಗುರುತಿಸಿ ದ್ರವ ಕೊಟ್ಟು ನೋಡಿಕೊಂಡವರ ಲೆಕ್ಕ. ಎರಡರ ನಡುವಿನ ಅಂತರದಲ್ಲಿ ಯಾವ ದುಬಾರಿ ಔಷಧವೂ ಇಲ್ಲ, ಏಕೆಂದರೆ ಡೆಂಗಿ ವೈರಸ್ಸನ್ನು ಕೊಲ್ಲುವ ಔಷಧವೇ ಇಂದಿನ ಚಿಕಿತ್ಸೆಯಲ್ಲಿಲ್ಲ. ಇರುವುದು ಸಲೈನ್ ಮತ್ತು ಗಂಟೆಗೊಮ್ಮೆ ಬರುವ ಸಿಸ್ಟರ್.

ಆದರೆ ಗೊಂದಲ ಇನ್ನೂ ಆಳದಲ್ಲಿದೆ. ಕ್ಯೂಬಾದಲ್ಲಿ 1981ರಲ್ಲಿ ದೊಡ್ಡ ಡೆಂಗಿ ಪಿಡುಗು ಬಂತು. ವರದಿಯಾದ ರೋಗಿಗಳು 3,44,203. ಆಸ್ಪತ್ರೆ ಸೇರಿದವರು 1,16,143. ತೀವ್ರ ರೂಪಕ್ಕೆ ಹೋದವರು 10,312. ಸತ್ತವರು 158 ಮಂದಿ, ಅದರಲ್ಲಿ 101 ಮಕ್ಕಳು. ಈಗ ಸಾವಿನ ಪ್ರಮಾಣ ಎಷ್ಟು ಹೇಳಿ? ವರದಿಯಾದವರೆಲ್ಲರನ್ನೂ ಹಿಡಿದರೆ ಸುಮಾರು ಶೇ 0.05. ಆಸ್ಪತ್ರೆ ಸೇರಿದವರನ್ನು ಮಾತ್ರ ಹಿಡಿದರೆ ಶೇ 0.14. ತೀವ್ರ ರೂಪದವರಲ್ಲಿ ಶೇ 1.5. ಸತ್ತವರು ಅದೇ 158 ಮಂದಿ. ಕೆಳಗಿನ ಅಂಕಿ ಬದಲಾದಂತೆ ಪ್ರಮಾಣ ಮೂವತ್ತು ಪಟ್ಟಿಗೂ ಮೀರಿ ಏರಿತು. ಭಾಗಾಕಾರದಲ್ಲಿ ಕೆಳಗೆ ಯಾರಿದ್ದಾರೆ ಎಂದು ಕೇಳದೆ ಯಾವ ಶೇಕಡಾವಾರನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಜೊತೆಗೆ, ಸೋಂಕು ತಗುಲಿದವರಲ್ಲಿ ಬಹುಪಾಲು ಜನರಿಗೆ ಲಕ್ಷಣವೇ ಕಾಣುವುದಿಲ್ಲ. ಅವರು ಯಾವ ಲೆಕ್ಕದಲ್ಲೂ ಇಲ್ಲ. ಜಗತ್ತಿನಲ್ಲಿ ವರ್ಷಕ್ಕೆ 39 ಕೋಟಿ ಡೆಂಗಿ ಸೋಂಕು, ಅದರಲ್ಲಿ 9.6 ಕೋಟಿಗಷ್ಟೇ ಕಾಯಿಲೆಯ ರೂಪ ಎಂಬ ಅಂದಾಜು 2013ರಲ್ಲಿ ಪ್ರಕಟವಾಗಿತ್ತು. ಅಂದಾಜು ಅಂದಾಜೇ, ಆದರೂ ಆಸ್ಪತ್ರೆಯ ಹಾಸಿಗೆಯಿಂದ ಕಾಣುವುದು ಎಷ್ಟು ಚಿಕ್ಕ ತುಣುಕು ಎಂಬುದು ಗೊತ್ತಾಗುತ್ತದೆ.

ಹಳೆಯರೋಗಿ | ರಾತ್ರಿ 10.02

ಲೆಕ್ಕ ಚೆನ್ನಾಗಿದೆ. ನನ್ನ ಮಾತಿಗೆ ಯಾರೂ ಉತ್ತರಿಸಲಿಲ್ಲ. 46 ಸಾವಿರಕ್ಕೆ ಇಳಿದಿದೆ, ನಾಳೆ 20 ಆಗುತ್ತದೆ. ಮೂಗಿನಿಂದ ರಕ್ತ ಸುರಿದ ಮೇಲೆ ಓಡಾಡುವುದೇ?

ಹಗಲಿರುಳು | ರಾತ್ರಿ 10.25

ಉತ್ತರಿಸುತ್ತೇನೆ. ಕೋಪ ಬೇಡ, ಈ ಪ್ರಶ್ನೆಯನ್ನು ನಾನು ದಿನಕ್ಕೆ ಹತ್ತು ಸಲ ಎದುರಿಸುತ್ತೇನೆ.

ಪ್ಲೇಟ್‌ಲೆಟ್ ಇಳಿದರೆ ಪ್ಲೇಟ್‌ಲೆಟ್ ಏರಿಸಬೇಕು ಎಂಬುದು ಕೇಳಲು ಸರಳವಾಗಿದೆ. ಹಾಗಾಗಿಯೇ ಅದನ್ನು ಪರೀಕ್ಷಿಸಿ ನೋಡಿದರು. ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳಲ್ಲಿ ಪ್ಲೇಟ್‌ಲೆಟ್ 20 ಸಾವಿರ ಅಥವಾ ಅದಕ್ಕಿಂತ ಕೆಳಗಿಳಿದ, ಆದರೆ ದೊಡ್ಡ ರಕ್ತಸ್ರಾವವಿಲ್ಲದ 372 ವಯಸ್ಕ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಪ್ಲೇಟ್‌ಲೆಟ್ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಪಡೆದವರಲ್ಲಿ ಶೇ 21, ಪಡೆಯದವರಲ್ಲಿ ಶೇ 26 ಮಂದಿಗೆ ಸಣ್ಣದೋ ದೊಡ್ಡದೋ ರಕ್ತಸ್ರಾವವಾಯಿತು. ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ಅಲರ್ಜಿ, ಉಸಿರಾಟದ ತೊಂದರೆಯಂಥ ಅಡ್ಡಪರಿಣಾಮ ಮಾತ್ರ ಪಡೆದವರಲ್ಲಿ 13 ಪ್ರಕರಣ, ಪಡೆಯದವರಲ್ಲಿ 2.

ಡೆಂಗಿಯಲ್ಲಿ ಅಪಾಯಕಾರಿ ರಕ್ತಸ್ರಾವ ಬರುವುದು ಹೆಚ್ಚಾಗಿ ಶಾಕ್ ಬಹಳ ಹೊತ್ತು ಗಮನಕ್ಕೆ ಬಾರದೆ ಉಳಿದವರಲ್ಲಿ. ರಕ್ತ ಸಾಲದೆ ಕರುಳಿನ ಒಳಪದರ ಕೆಡುತ್ತದೆ, ಯಕೃತ್ತು ಸೋಲುತ್ತದೆ, ಆಮೇಲೆ ಒಸರತೊಡಗುತ್ತದೆ. ಶಾಕ್ ತಡೆದರೆ ರಕ್ತಸ್ರಾವವನ್ನೂ ತಡೆದಂತೆ. ರಕ್ತ ನಿಜಕ್ಕೂ ಸುರಿಯುತ್ತಿದ್ದರೆ ಮಾತು ಬೇರೆ. ಆಗ ರಕ್ತ ಬೇಕು, ಕೊಡುತ್ತೇವೆ. ಸ್ನೇಹಿತರು ರಕ್ತದ ಗುಂಪು ಬರೆಸಿ ಮನೆಗೆ ಹೋಗಿ ಮಲಗಲಿ.

ನಿಮಗೆ ನಾಲ್ಕು ಚೀಲ ಏರಿಸಿದರು, ಬದುಕಿದಿರಿ. ಎರಡೂ ನಿಜ. ಒಂದರಿಂದ ಇನ್ನೊಂದಾಯಿತು ಎಂಬುದನ್ನು ಮಾತ್ರ ಒಪ್ಪಲಾರೆ. ಚೇತರಿಕೆಯ ಆ ದಿನಗಳಲ್ಲಿ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ.

ಅಂಕಿಗಾರ | ರಾತ್ರಿ 10.31

ಏರುವ ಹೊತ್ತಿಗೆ ಸರಿಯಾಗಿ ಕೊಟ್ಟ ಚಿಕಿತ್ಸೆಗೆಲ್ಲ ಕೀರ್ತಿ ಸಿಗುತ್ತದೆ. ನನ್ನ ವೃತ್ತಿಯ ಅರ್ಧ ಜಗಳ ಇದೇ.

ಹಳೆಯರೋಗಿ | ರಾತ್ರಿ 10.40

ಒಪ್ಪಿದೆ ಎನ್ನುವುದಿಲ್ಲ. ಆದರೆ 13 ಮತ್ತು 2 ಎಂಬುದು ನನಗೆ ಗೊತ್ತಿರಲಿಲ್ಲ. ಎರಡನೆಯ ಚೀಲ ಏರುವಾಗ ನನಗೂ ಮೈಯೆಲ್ಲ ದದ್ದು ಎದ್ದು ನಡುಕ ಬಂದಿತ್ತು. ಅದು ಡೆಂಗಿಯದೇ ಎಂದುಕೊಂಡಿದ್ದೆ.

ಬಾಗಿಲಬಳಿ | ರಾತ್ರಿ 11.15

ಇಂಥ ಚರ್ಚೆಗಳನ್ನು ಓದಿ ಸುಮ್ಮನಿರುತ್ತೇನೆ. ಇಂದು ಬರೆಯಬೇಕೆನಿಸಿತು.

ನನ್ನ ಚಿಕ್ಕಮ್ಮನಿಗೆ 52 ವರ್ಷ, ಸಕ್ಕರೆ ಕಾಯಿಲೆ ಇತ್ತು. ನಾಲ್ಕನೇ ದಿನ ಜ್ವರ ಬಿಟ್ಟಿತು. ಇನ್ನೆರಡು ದಿನ ಇರಿ ಎಂದು ಆಸ್ಪತ್ರೆಯವರು ಹೇಳಿದರು. ಬಿಲ್ಲಿಗಾಗಿ ಇಟ್ಟುಕೊಳ್ಳುತ್ತಿದ್ದಾರೆ ಎಂದು ನಾವು ನಾವೇ ಮಾತನಾಡಿಕೊಂಡು, ನಮ್ಮ ಜವಾಬ್ದಾರಿಯಲ್ಲಿ ಕರೆದೊಯ್ಯುತ್ತೇವೆ ಎಂಬ ಹಾಳೆಗೆ ಸಹಿ ಹಾಕಿದೆವು. ಸಹಿ ಹಾಕಿದವನು ನಾನು. ಮರುದಿನ ಬೆಳಿಗ್ಗೆ ಚಿಕ್ಕಮ್ಮ ಸುಸ್ತು ಎಂದು ಮಲಗಿದರು. ಜ್ವರ ಬಿಟ್ಟ ಸುಸ್ತು ಎಂದುಕೊಂಡು ಮಲಗಲು ಬಿಟ್ಟೆವು. ಮಧ್ಯಾಹ್ನ ಎಬ್ಬಿಸಿದಾಗ ನನ್ನ ಹೆಸರು ಹೇಳಲು ತಡವರಿಸಿದರು. ಕೈ ಹಿಮದಂತಿತ್ತು. ಆಸ್ಪತ್ರೆ ಸೇರಿಸಿದ ಮರುದಿನ ಹೋದರು.

ಹಗಲಿರುಳು ಬರೆದದ್ದನ್ನು ಅಂದು ಯಾರಾದರೂ ನನಗೆ ಹೇಳಿದ್ದರೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಎರಡನೇಪಾಳಿ | ರಾತ್ರಿ 11.31

ಆ ಹಾಳೆಯನ್ನು ಮುಂದೆ ಹಿಡಿದು ಸಹಿ ಮಾಡಿಸಿಕೊಂಡವರಲ್ಲಿ ನಾನೂ ಒಬ್ಬಳು. ಬೇರೆ ಊರಿನ ಬೇರೆ ರೋಗಿಗಳಿಗೆ. ಸಹಿ ಹಾಕಿಸುವಾಗ 'ಇಂಥಿಂಥದ್ದಾದರೆ ತಕ್ಷಣ ಬನ್ನಿ' ಎಂದು ಗಡಿಬಿಡಿಯಲ್ಲಿ ಒದರಿ ಮುಂದಿನ ಹಾಸಿಗೆಗೆ ಹೋಗುತ್ತೇವೆ. ಈಗ ಬರೆದು ಕೊಡುತ್ತೇನೆ: ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ವಸಡು ಅಥವಾ ಮೂಗಿನ ರಕ್ತ, ಕಪ್ಪು ಮಲ, ವಿಪರೀತ ಮಂಪರು ಅಥವಾ ಚಡಪಡಿಕೆ, ಆರು ಗಂಟೆ ಮೂತ್ರವಿಲ್ಲದಿರುವುದು. ನಿಮ್ಮ ಚಿಕ್ಕಮ್ಮನಿಗೆ ಬಂದದ್ದು ಮಂಪರು. ಮನೆಯವರ ಕಣ್ಣಿಗೆ ಅದು ವಿಶ್ರಾಂತಿಯಂತೆ ಕಾಣುತ್ತದೆ. ಕಂಡುಹಿಡಿಯಲು ಅದಕ್ಕಿಂತ ಕಷ್ಟದ್ದು ಬೇರೆ ಇಲ್ಲ.

ಮಿಂಚುಳ | ಬುಧವಾರ, ಬೆಳಿಗ್ಗೆ 7.10

ನಾನು ಜೀವವಿಜ್ಞಾನದ ವಿದ್ಯಾರ್ಥಿನಿ. ಆಸ್ಪತ್ರೆ ಸೇರಿದ ಡೆಂಗಿ ರೋಗಿಗಳ ಬಗ್ಗೆ ಸೆಮಿನಾರಿಗಾಗಿ ನಾಲ್ಕೈದು ಪ್ರಬಂಧ ಓದಿದೆ. ಒಂದರಲ್ಲಿ ಹೊಟ್ಟೆನೋವು ಅಪರೂಪ, ಇನ್ನೊಂದರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ. ವೈರಸ್ ಬೇರೆ ತಳಿಯದ್ದು ಎಂದು ಬರೆದುಕೊಳ್ಳಲೇ?

ಅಂಕಿಗಾರ | ಬೆಳಿಗ್ಗೆ 7.44

ಬರೆದುಕೊಳ್ಳಬೇಡಿ! ಮೊದಲು ಆ ಆಸ್ಪತ್ರೆ ಯಾರನ್ನು ಸೇರಿಸಿಕೊಳ್ಳುತ್ತದೆ ಎಂದು ನೋಡಿ. ಜ್ವರ ಬಂದವರನ್ನೆಲ್ಲ ಸೇರಿಸುವ ಕಡೆ ಕೋಷ್ಟಕದ ತುಂಬ ತಲೆನೋವು, ಮೈಕೈ ನೋವು. ಎಚ್ಚರಿಕೆಯ ಲಕ್ಷಣ ಇದ್ದವರನ್ನಷ್ಟೇ ಸೇರಿಸುವ ಕಡೆ ಹೊಟ್ಟೆನೋವೇ ಪ್ರವೇಶಪತ್ರ. ಹಾಗಾಗಿ ಎಲ್ಲರಿಗೂ ಹೊಟ್ಟೆನೋವು. ಅಂಥ ಕೋಷ್ಟಕ ರೋಗದ ಸ್ವಭಾವದ ಜೊತೆಗೆ ಬಾಗಿಲು ಕಾಯುವವರ ಸ್ವಭಾವವನ್ನೂ ಹೇಳುತ್ತದೆ.

ಎರಡನೆಯದು, ಯಾವ ವರ್ಗೀಕರಣ ಬಳಸಿದ್ದಾರೆ? ವಿಶ್ವ ಆರೋಗ್ಯ ಸಂಸ್ಥೆಯ 1997ರ ಪದ್ಧತಿಯಲ್ಲಿ ರಕ್ತಸ್ರಾವದ ಡೆಂಗಿ ಎನ್ನಲು ಜ್ವರ, ರಕ್ತಸ್ರಾವದ ಗುರುತು, ಒಂದು ಲಕ್ಷ ಅಥವಾ ಅದಕ್ಕಿಂತ ಕಡಿಮೆ ಪ್ಲೇಟ್‌ಲೆಟ್, ಪ್ಲಾಸ್ಮಾ ಸೋರಿಕೆ, ಈ ನಾಲ್ಕೂ ಇರಬೇಕಿತ್ತು. ಮೂರಿದ್ದು ಒಂದಿಲ್ಲದವನು ಸಾಯುವ ಸ್ಥಿತಿಯಲ್ಲಿದ್ದರೂ ಕಾಗದದ ಮೇಲೆ ಬರೀ ಡೆಂಗಿ ಜ್ವರ. 2009ರಲ್ಲಿ ಅದನ್ನು ಬದಲಿಸಿ, ಎಚ್ಚರಿಕೆಯ ಲಕ್ಷಣ ಇರುವ ಡೆಂಗಿ, ಇಲ್ಲದ ಡೆಂಗಿ, ತೀವ್ರ ಡೆಂಗಿ ಎಂದು ವಿಂಗಡಿಸಿದರು. ಹಳೆಯದನ್ನೂ ಹೊಸದನ್ನೂ ಒಂದೇ ಸಾಲಿನಲ್ಲಿಟ್ಟು ಹೋಲಿಸಿದರೆ ನಿಮ್ಮ ಸೆಮಿನಾರಿನಲ್ಲಿ ಯಾರಾದರೂ ಎದ್ದು ನಿಲ್ಲುತ್ತಾರೆ.

ಮೂರನೆಯದನ್ನು ಯಾರೂ ನೋಡುವುದಿಲ್ಲ. ದಿನ ಎಣಿಸಿದ್ದು ಹೇಗೆ? ಜ್ವರ ಬಂದ ದಿನದಿಂದಲೋ, ಆಸ್ಪತ್ರೆ ಸೇರಿದ ದಿನದಿಂದಲೋ? ಪಿಡುಗು ನಡೆಯುತ್ತಿರುವಾಗಲೇ ಬರೆದ ಪ್ರಬಂಧವಾದರೆ ಇನ್ನೂ ಹಾಸಿಗೆಯಲ್ಲಿರುವವರನ್ನು ಏನೆಂದು ಎಣಿಸಿದ್ದಾರೆ? ಅವರು ಗುಣವಾದವರೂ ಅಲ್ಲ, ಸತ್ತವರೂ ಅಲ್ಲ. ಬದುಕಿದವರ ಪಟ್ಟಿಗೆ ಸೇರಿಸಿದರೆ ರೋಗ ಸಾಧುವಾಗಿ ಕಾಣುತ್ತದೆ, ಬಿಟ್ಟುಬಿಟ್ಟರೆ ಕ್ರೂರವಾಗಿ.

ಎರಡನೇಪಾಳಿ | ಬೆಳಿಗ್ಗೆ 8.03

ದಿನ ಎಣಿಸುವುದರ ಬಗ್ಗೆ ಒಂದು ಮಾತು. ಜ್ವರ ಯಾವಾಗ ಬಂತು ಎಂದು ಕೇಳಿದರೆ ರೋಗಿ ಸೋಮವಾರ ಎನ್ನುತ್ತಾನೆ, ಹೆಂಡತಿ ಶನಿವಾರವೇ ಮೈ ಬಿಸಿಯಿತ್ತು ಎನ್ನುತ್ತಾಳೆ. ನಾನು ಹೆಂಡತಿಯ ಮಾತನ್ನೇ ಬರೆದುಕೊಳ್ಳುತ್ತೇನೆ. ಎರಡು ದಿನದ ತಪ್ಪು ಎಂದರೆ ಅಪಾಯದ ಕಾಲವೇ ಕೈತಪ್ಪಿ ಹೋದಂತೆ. ಪರೀಕ್ಷೆಯೂ ಹಾಗೆಯೇ. ಎನ್‌ಎಸ್‌1 (ರಕ್ತದಲ್ಲಿರುವ ವೈರಸ್ಸಿನ ಪ್ರೋಟೀನ್) ಮೊದಲ ಐದು ದಿನದೊಳಗೆ ಚೆನ್ನಾಗಿ ಸಿಗುತ್ತದೆ, ಐಜಿಎಂ (ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಐದನೇ ದಿನದ ಆಸುಪಾಸಿನಿಂದ. ದಿನ ತಪ್ಪಾದರೆ ಇಲ್ಲ ಎಂದು ಬಂದ ವರದಿಯನ್ನು ಹಿಡಿದುಕೊಂಡು ಕುಣಿಯುತ್ತಾರೆ.

ನೀಲಿಕುರ್ಚಿ | ಬುಧವಾರ, ಮಧ್ಯಾಹ್ನ 2.15

ರಾತ್ರಿ ಎರಡು ಗಂಟೆಗೆ ಬಿಪಿ ಅಂತರ 18 ಆಗಿತ್ತು. ಡ್ರಿಪ್ ಮತ್ತೆ ಏರಿಸಿದರು. ಬೆಳಿಗ್ಗೆ 110/78. ಹೆಮಟೋಕ್ರಿಟ್ 46. ಪ್ಲೇಟ್‌ಲೆಟ್ 27 ಸಾವಿರ, ಹಳೆಯರೋಗಿಯವರು ಹೇಳಿದಂತೆಯೇ ಇಳಿದಿದೆ. ವೈದ್ಯರು ಆ ಕಾಗದವನ್ನು ಕ್ಷಣವಷ್ಟೇ ನೋಡಿ ಪಕ್ಕಕ್ಕಿಟ್ಟು ಮೂತ್ರದ ಜಾಡಿಯನ್ನು ಕೈಗೆತ್ತಿಕೊಂಡರು. ನಿನ್ನೆಯಾಗಿದ್ದರೆ ಜಗಳವಾಡುತ್ತಿದ್ದೆ.

ಪಕ್ಕದ ಹಾಸಿಗೆಯವರು, ಒಮ್ಮೆ ಬಂತಲ್ಲ, ಇನ್ನು ಜೀವಮಾನದಲ್ಲಿ ಬರುವುದಿಲ್ಲ ಎಂದು ತಮ್ಮನಿಗೆ ಧೈರ್ಯ ಹೇಳಿದರು. ನಿಜವೇ?

ಹಗಲಿರುಳು | ಮಧ್ಯಾಹ್ನ 3.40

ಧೈರ್ಯ ಒಳ್ಳೆಯದು, ಮಾತು ತಪ್ಪು. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದರೆ ಆ ಒಂದರಿಂದ ದೀರ್ಘಕಾಲದ ರಕ್ಷಣೆ. ಉಳಿದ ಮೂರರಿಂದ ಕೆಲವು ತಿಂಗಳ ರಕ್ಷಣೆ ಮಾತ್ರ. ಆಮೇಲೆ ಬೇರೆ ಬಗೆ ತಗುಲಿದರೆ ಹಳೆಯ ಪ್ರತಿಕಾಯಗಳು ಅದನ್ನು ಪೂರ್ತಿ ಕೊಲ್ಲಲಾರದೆ ಅಂಟಿಕೊಂಡು, ಜೀವಕೋಶದೊಳಗೆ ಹೋಗಲು ಅದಕ್ಕೇ ನೆರವಾಗಬಹುದು. ಕಾವಲುಗಾರನೇ ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. ಹಾಗಾಗಿ ಎರಡನೆಯ ಸಲದ ಸೋಂಕು ತೀವ್ರವಾಗುವ ಸಾಧ್ಯತೆ ಮೊದಲನೆಯದಕ್ಕಿಂತ ಹೆಚ್ಚು.

ಅಂಕಿಗಾರರು ಹೇಳಿದ ಕ್ಯೂಬಾದ ಕಥೆಗೆ ಹಿಂದು ಮುಂದು ಎರಡೂ ಇವೆ. 1977ರಲ್ಲಿ ಅಲ್ಲಿ ಒಂದನೇ ಬಗೆಯ ಡೆಂಗಿ ಬಂದು ಹೋಗಿತ್ತು. ಹೆಚ್ಚಿನ ಹಾನಿ ಮಾಡಲಿಲ್ಲ. 1981ರಲ್ಲಿ ಬಂದದ್ದು ಎರಡನೇ ಬಗೆ. ಆಗಲೇ ಸಾವುಗಳು. 1997ರಲ್ಲಿ ಸ್ಯಾಂಟಿಯಾಗೊ ಡಿ ಕ್ಯೂಬಾ ನಗರದಲ್ಲಿ ಎರಡನೇ ಬಗೆ ಮತ್ತೆ ಕಾಣಿಸಿಕೊಂಡಿತು. ಆ ಸಲ ತೀವ್ರ ರೋಗಕ್ಕೆ ತುತ್ತಾದವರು ದೊಡ್ಡವರು. ಚಿಕ್ಕ ಮಕ್ಕಳು 1977ರಲ್ಲಿ ಹುಟ್ಟಿಯೇ ಇರಲಿಲ್ಲವಲ್ಲ, ಅವರ ರಕ್ತದಲ್ಲಿ ಹಳೆಯ ಪ್ರತಿಕಾಯವೇ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದಿನ ಜ್ವರವನ್ನು ದೇಹ ಮರೆತಿರಲಿಲ್ಲ.

ಮಿಂಚುಳ | ಸಂಜೆ 4.05

ಹಾಗಾದರೆ ಲಸಿಕೆಯೂ ಮೊದಲ ಸೋಂಕಿನಂತೆ ಕೆಲಸ ಮಾಡಿಬಿಟ್ಟರೆ?

ಅಂಕಿಗಾರ | ಸಂಜೆ 4.22

ಪ್ರಶ್ನೆ ಸರಿಯಾಗಿಯೇ ಬಂದಿದೆ. ಡೆಂಗ್‌ವ್ಯಾಕ್ಸಿಯಾ ಲಸಿಕೆಯಲ್ಲಿ ಅದೇ ಆಯಿತು. 2016ರಲ್ಲಿ ಫಿಲಿಪ್ಪೀನ್ಸ್ ಶಾಲಾಮಕ್ಕಳಿಗೆ ಕೊಡಲು ಆರಂಭಿಸಿತು. ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟರು. ಹಿಂದೆ ಡೆಂಗಿ ಬಂದೇ ಇರದವರು ಲಸಿಕೆ ಪಡೆದ ಮೇಲೆ ಸೋಂಕು ತಗುಲಿದರೆ ಆಸ್ಪತ್ರೆ ಸೇರುವ ಅಪಾಯ ಹೆಚ್ಚು ಎಂದು 2017ರ ನವೆಂಬರ್‌ನಲ್ಲಿ ಹೊರಬಿತ್ತು. ಅಭಿಯಾನ ನಿಂತಿತು. ಗಮನಿಸಿ, ಎಲ್ಲರನ್ನೂ ಒಟ್ಟಿಗೆ ಎಣಿಸಿದಾಗ ಲಸಿಕೆ ಒಳ್ಳೆಯದಾಗಿಯೇ ಕಾಣುತ್ತಿತ್ತು. ಹಿಂದೆ ಸೋಂಕು ಆದವರು, ಆಗದವರು ಎಂದು ಬೇರ್ಪಡಿಸಿದ ಮೇಲೆಯೇ ಕಂಡದ್ದು.

ನಿರ್ವಾಹಕ | ಸಂಜೆ 5.00

ಲಸಿಕೆಯ ಬಗ್ಗೆ ಬಂದ ಹದಿನಾಲ್ಕು ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ಇಲ್ಲಿ ಒಬ್ಬರು ರೋಗಿಯ ಪಕ್ಕ ಕುಳಿತಿದ್ದಾರೆ ಎಂಬುದು ನೆನಪಿರಲಿ.

ನೀಲಿಕುರ್ಚಿ | ಗುರುವಾರ, ಬೆಳಿಗ್ಗೆ 6.30

ಹೆದರಿ ಬರೆಯುತ್ತಿದ್ದೇನೆ. ರಾತ್ರಿಯಿಂದ ಗಂಟೆಗೊಮ್ಮೆ ಜಾಡಿ ತುಂಬುತ್ತಿದೆ. ಅದು ಸಂತೋಷವೇ. ಆದರೆ ನಾಡಿ 52ಕ್ಕೆ ಇಳಿದಿದೆ. ಕಾಲ ಮೇಲೆಲ್ಲ ಕೆಂಪು ಹರಡಿ ನಡುನಡುವೆ ಬಿಳಿ ಚುಕ್ಕೆಗಳು. ಅಂಗೈ ಅಂಗಾಲು ತುರಿಸಿ ನಿದ್ದೆ ಮಾಡಿಲ್ಲ. ಹೆಮಟೋಕ್ರಿಟ್ 46ರಿಂದ 40ಕ್ಕೆ ಬಂದಿದೆ. ಒಳಗೆ ಎಲ್ಲೋ ರಕ್ತ ಸೋರುತ್ತಿದೆಯೇ? ಡ್ರಿಪ್ ಕೂಡ ನಿಲ್ಲಿಸಿಬಿಟ್ಟಿದ್ದಾರೆ!

ಹಗಲಿರುಳು | ಬೆಳಿಗ್ಗೆ 6.58

ನೀವು ಬರೆದದ್ದೆಲ್ಲ ಮೂರನೆಯ ಹಂತದ ವರ್ಣನೆಯಂತಿದೆ. ಹೊರಗೆ ಹೋದ ಪ್ಲಾಸ್ಮಾ ನಾಳಕ್ಕೆ ಮರಳುತ್ತಿದೆ. ಅದರಿಂದ ರಕ್ತ ತೆಳುವಾಗಿ ಹೆಮಟೋಕ್ರಿಟ್ ಇಳಿಯುತ್ತದೆ, ಮೂತ್ರಪಿಂಡ ಹೆಚ್ಚಾದ ನೀರನ್ನು ಹೊರಹಾಕುತ್ತದೆ, ನಾಡಿ ನಿಧಾನವಾಗುತ್ತದೆ. ಕೆಂಪು ಕಡಲಲ್ಲಿ ಬಿಳಿ ನಡುಗಡ್ಡೆಗಳು ಎಂದು ಆ ದದ್ದನ್ನು ಪಠ್ಯಗಳೇ ಬಣ್ಣಿಸುತ್ತವೆ. ತುರಿಕೆಯೂ ಅದರದೇ.

ಹೆಮಟೋಕ್ರಿಟ್ ಇಳಿಯುವುದಕ್ಕೆ ಎರಡು ಅರ್ಥ ಇವೆ, ನಿಮ್ಮ ಅನುಮಾನ ದಡ್ಡತನದ್ದಲ್ಲ. ನಾಡಿ ಓಡುತ್ತಾ ಬಿಪಿ ಬೀಳುತ್ತಾ ಅದು ಇಳಿದರೆ ರಕ್ತಸ್ರಾವ. ನಾಡಿ ಶಾಂತವಾಗಿ ಮೂತ್ರ ಹರಿಯುತ್ತಾ ಇಳಿದರೆ ಚೇತರಿಕೆ. ಅಂಕಿ ಒಂದೇ. ಅದರ ಅರ್ಥ ತಿಳಿಯಬೇಕಾದರೆ ರೋಗಿಯ ಮುಖ ನೋಡಬೇಕು.

ಡ್ರಿಪ್ ನಿಲ್ಲಿಸಿದ್ದು ಈ ಹೊತ್ತಿನ ದೊಡ್ಡ ಚಿಕಿತ್ಸೆ. ಸೋರಿಕೆ 24ರಿಂದ 48 ಗಂಟೆ ಮಾತ್ರ. ಅದು ನಿಂತ ಮೇಲೂ ಸಲೈನ್ ಹರಿಸುತ್ತಿದ್ದರೆ ಎಲ್ಲ ನೀರೂ ಒಟ್ಟಿಗೆ ಮರಳಿ ಶ್ವಾಸಕೋಶ ತುಂಬುತ್ತದೆ. ಶಾಕ್‌ನಿಂದ ಉಳಿದ ರೋಗಿ ಉಬ್ಬಸದಿಂದ ಒದ್ದಾಡುವುದನ್ನು ಕಂಡಿದ್ದೇನೆ. ಮಲಗಿದಾಗ ಉಸಿರು ಕಟ್ಟಿದರೆ ಅಥವಾ ಕೆಮ್ಮು ಶುರುವಾದರೆ ಕರೆಯಿರಿ.

ಹಳೆಯರೋಗಿ | ಬೆಳಿಗ್ಗೆ 7.15

ಹಸಿವು ಎನ್ನುತ್ತಾನೆಯೇ ಕೇಳಿ. ನನಗೆ ಗುಣವಾಗುತ್ತಿದೆ ಎಂದು ಗೊತ್ತಾದದ್ದು ಹಾಗೆಯೇ.

ನೀಲಿಕುರ್ಚಿ | ಬೆಳಿಗ್ಗೆ 7.20

ನಾಲ್ಕೂವರೆಗೇ ಎಬ್ಬಿಸಿ, ತಿನ್ನಲು ಏನಾದರೂ ಇದೆಯೇ ಅಕ್ಕ ಎಂದು ಕೇಳಿದ.

ನೀಲಿಕುರ್ಚಿ | ಶನಿವಾರ, ಬೆಳಿಗ್ಗೆ 11.00

ಡಿಸ್ಚಾರ್ಜ್ ಆಯಿತು. ಜ್ವರವಿಲ್ಲದೆ 48 ಗಂಟೆ ದಾಟಿ ಬಹಳ ಹೊತ್ತಾಗಿದೆ, ಡ್ರಿಪ್ ಇಲ್ಲದೆಯೂ ಹೆಮಟೋಕ್ರಿಟ್ ನಿಂತಲ್ಲೇ ನಿಂತಿದೆ, ಪ್ಲೇಟ್‌ಲೆಟ್ 71 ಸಾವಿರಕ್ಕೆ ಏರಿದೆ. ಒಂದು ಚೀಲವೂ ಕೊಡಲಿಲ್ಲ. ಬಾಗಿಲಬಳಿಯವರೇ, ಮಂಗಳವಾರ ನಾನು ತುಂಬಿದ್ದ ಬಟ್ಟೆಯ ಚೀಲ ಇಂದಿನವರೆಗೂ ಮಂಚದ ಕೆಳಗೆ ಹಾಗೇ ಇತ್ತು. ಅದನ್ನು ಎತ್ತಿಕೊಳ್ಳುವಾಗ ನಿಮ್ಮ ಚಿಕ್ಕಮ್ಮ ನೆನಪಾದರು.

ಬಾಗಿಲಬಳಿ | ಬೆಳಿಗ್ಗೆ 11.26

ಓದಿದೆ. ಚೆನ್ನಾಗಿ ನೋಡಿಕೊಳ್ಳಿ.

ನೀಲಿಕುರ್ಚಿ | ಮೂರು ವಾರದ ನಂತರ, ರಾತ್ರಿ 8.10

ಹಳೆಯ ಎಳೆಯನ್ನು ಮೇಲೆತ್ತುತ್ತಿದ್ದೇನೆ. ತಮ್ಮನ ಡಿಸ್ಚಾರ್ಜ್ ಹಾಳೆಯಲ್ಲಿ 'ಫಲಿತಾಂಶ: ಗುಣಮುಖ' ಎಂದಿದೆ. ಗುಣಮುಖನಾದವನು ಎರಡು ಮಹಡಿ ಹತ್ತಿದರೆ ಅರ್ಧದಲ್ಲಿ ಕೂರುತ್ತಾನೆ. ಮಧ್ಯಾಹ್ನ ಮೂರಕ್ಕೆ ಕಚೇರಿಯ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದನಂತೆ.

ಅಂಕಿಗಾರ | ರಾತ್ರಿ 8.34

ನನ್ನ ಕೋಷ್ಟಕದಲ್ಲಿ ಫಲಿತಾಂಶದ ಕಂಬಕ್ಕೆ ಇರುವುದು ಎರಡೇ ಖಾನೆ. ನಿಮ್ಮ ತಮ್ಮ ಅದರಲ್ಲಿ ಒಳ್ಳೆಯ ಖಾನೆಯಲ್ಲಿದ್ದಾನೆ. ಮಹಡಿ ಮೆಟ್ಟಿಲಿಗೆ ನಾವು ಖಾನೆ ಇಟ್ಟಿಲ್ಲ.

ಎರಡನೇಪಾಳಿ | ರಾತ್ರಿ 9.02

ಈ ಆಯಾಸ ಹಲವರಿಗೆ ವಾರಗಟ್ಟಲೆ ಇರುತ್ತದೆ. ಅರ್ಧ ದಿನದ ಕೆಲಸ ಕೇಳಿಕೊಳ್ಳಲಿ. ದಿನದಿಂದ ದಿನಕ್ಕೆ ಹೆಚ್ಚಾದರೆ, ಎದೆನೋವು ಅಥವಾ ಏದುಸಿರು ಬಂದರೆ ಮತ್ತೆ ತೋರಿಸಿ. ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ: ಇನ್ನೊಂದೆರಡು ತಿಂಗಳಲ್ಲಿ ಬಾಚಣಿಗೆ ತುಂಬ ಕೂದಲು ಬರಬಹುದು. ಜೋರು ಜ್ವರದ ನಂತರ ಹಾಗಾಗುತ್ತದೆ, ಮತ್ತೆ ಹುಟ್ಟುತ್ತದೆ. ಎಣ್ಣೆ, ಶಾಂಪೂ ಎಂದು ದುಡ್ಡು ಸುರಿಯಬೇಡಿ.